ಅಕ್ಕನ ಕರಿ ಪ್ಯಾಂಟು

ಊರ ಹೊರಗಿನ ಬಂಡೆಯನ್ನು ಅರ್ಧ ಹತ್ತುವಷ್ಟರಲ್ಲಿ ಬೇಕರಿಯವಳ ಕೈ ಜಾರುತ್ತಿತ್ತು. ಪ್ರತಿ ಸಲವೂ ಅದೇ ಜಾಗ, ಅದೇ ಸಣ್ಣ ಅಂಚು. ಬೆಳಗಿನಿಂದ ಐದು ಸಲ ಹಗ್ಗಕ್ಕೆ ಜೋತುಬಿದ್ದಿದ್ದಳು. ಕೆಳಗೆ ಹಗ್ಗ ಹಿಡಿದು ನಿಂತಿದ್ದ ಟೀಚರಮ್ಮ ಅವಳ ಸ್ವಂತ ಅಕ್ಕ. ಮೇಲೆ ನೋಡಿ ನೋಡಿ ಅಕ್ಕನ ಕತ್ತು ಹಿಡಿದುಕೊಂಡಿತ್ತು.

"ಸೊಂಟದ ಚೀಲದಲ್ಲಿ ಬೆವರು ಹೀರೋ ಬಿಳಿ ಪುಡಿ ಅಷ್ಟೊಂದು ಇದೆಯಲ್ಲ, ಜಾರದ ಹಾಗೆ ಕೈಗೆ ಹಚ್ಕೊಂಡು ಹಿಡಿಯೇ!"

"ಹಚ್ಕೊಂಡೇ ಹಿಡಿದೆ ಕಣೇ! ಆದ್ರೂ ಜಾರುತ್ತೆ!"

ಆರನೇ ಸಲ ಬಿದ್ದು ಕೆಳಗಿಳಿದಾಗ ಅಕ್ಕನ ಕಣ್ಣು ತಂಗಿಯ ಪ್ಯಾಂಟಿನ ಮೇಲೆ ಬಿತ್ತು. ಅದು ಅಕ್ಕನದೇ ಹೊಸ ಕರಿ ಪ್ಯಾಂಟು. ತಂಗಿ ಕಾಡಿಬೇಡಿ ಹಾಕಿಕೊಂಡು ಬಂದಿದ್ದಳು. ಎರಡೂ ತೊಡೆಯ ಮೇಲೆ ಬೆಳ್ಳನೆಯ ಅಂಗೈ ಗುರುತು.

"ಅಯ್ಯೋ ನಿನ್ನ! ಹಚ್ಚಿದ ಪುಡಿನೆಲ್ಲ ನನ್ನ ಪ್ಯಾಂಟಿಗೆ ಒರೆಸ್ತಿದ್ದೀಯಲ್ಲೇ!"

ಹದಿನೈದು ವರ್ಷ ಹಿಟ್ಟು ನಾದಿದ ಕೈ ಅದು. ಏನನ್ನೇ ಮುಟ್ಟುವ ಮೊದಲು ಏಪ್ರನ್ನಿಗೆ ಒರೆಸಿಕೊಂಡೇ ರೂಢಿ. ಇನ್ನು ಒರೆಸುವುದಿಲ್ಲ ಎಂದು ಆಣೆ ಮಾಡಿ ಮತ್ತೆ ಹತ್ತಿದಳು. ಕೈ ಅವಳ ಮಾತು ಕೇಳಲಿಲ್ಲ. ಒರೆಸಿತು, ಜಾರಿತು.

ಅಕ್ಕ ಹಲ್ಲು ಕಚ್ಚಿಕೊಂಡು ಪುಡಿಯ ಹೊಸ ಪೊಟ್ಟಣ ಹರಿದು, ತಂಗಿಯ ಎರಡೂ ತೊಡೆಗೆ ತಾನೇ ಕೈಯಾರೆ ಮೆತ್ತಿದಳು. ಕರಿ ಪ್ಯಾಂಟು ಬಿಳಿಯಾಯಿತು.

"ಈಗ ಎಷ್ಟು ಬೇಕಾದ್ರೂ ಒರೆಸ್ಕೋ. ಹತ್ತು!"

ಬೇಕರಿಯವಳು ಹತ್ತಿದಳು, ಒರೆಸಿದಳು, ಹಿಡಿದಳು. ಕೈ ಜಾರಲಿಲ್ಲ. ಬಂಡೆಯ ತುದಿ ಮುಟ್ಟಿ, ಅಲ್ಲಿ ಬಡಿದಿದ್ದ ಸರಪಳಿಗೆ ಹಗ್ಗ ಸಿಕ್ಕಿಸಿ ಕೂಗಿದಳು:

"ಅಕ್ಕಾ, ಪ್ಯಾಂಟು ಚೆನ್ನಾಗಿ ಒಗೆದು ಕೊಡ್ತೀನಿ ಕಣೇ!"

"ಒಗೆದುಗಿಗೆದು ಮಾಡೀಯ, ಜೋಕೆ! ಮುಂದಿನ ವಾರ ಪಕ್ಕದ ಬಂಡೆ ಹತ್ತೋದಿದೆ!"