ಕಂಬಳಿಯ ಕೆಳಗಿನ ರಾಡಿ

ಕುರಿಯ ಹಲ್ಲು ನೋಡಿ ವಯಸ್ಸು ಹೇಳುವವನು ಗುಡೂರಿನ ಹುಲ್ಲಪ್ಪ. ಸಂತೆಯಲ್ಲಿ ಅವನಿಗೆ ರೋಗದ ಕುರಿ ಕಟ್ಟುವವರು ಇನ್ನೂ ಹುಟ್ಟಿಲ್ಲ. ಅಂಥ ಜಾಣ, ಹಳೇ ಕಾರು ಕೊಳ್ಳಲು ಹೋಗಿ ತಾನೇ ಕುರಿಯಾದ.

ಹೆಂಡತಿ ದಾನಮ್ಮನಿಗೆ ವಾರಕ್ಕೆ ಮೂರು ಸಲ ಬಾಗಲಕೋಟೆಯಲ್ಲಿ ಡಯಾಲಿಸಿಸ್. ಬಸ್ಸಿನಲ್ಲಿ ಹೋಗಿಬರುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕಾರು ನೋಡಲು ಜೊತೆಗೆ ಬಂದಿದ್ದ ಇಳಕಲ್ಲಿನ ಮೆಕ್ಯಾನಿಕ್ ಯಾಸೀನ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಮೂಸಿದ.

"ಕಾಕಾ, ಇದು ಹೊಳಿ ನೀರಾಗ ಮುಳುಗಿದ ಗಾಡಿ ಇದ್ದಂಗೈತಿ. ಡಿಕ್ಕಿ ತಳ ನೋಡೂಣು."

ಡಿಕ್ಕಿಯಲ್ಲಿ ಮಾರುವವರು ಕರಿ ಕಂಬಳಿ ಹಾಸಿ, ಮೇಲೆ ಭಂಡಾರದ ಅರಿಶಿನ ಚೆಲ್ಲಿ, ಕುರಿಗಾಹಿಗಳ ದೇವರು ಬೀರಪ್ಪನಿಗೆ ಪೂಜೆ ಮಾಡಿದ್ದರು. ಯಾಸೀನ ಕೈ ಚಾಚಿದಾಗ ಹುಲ್ಲಪ್ಪ ತಡೆದ.

"ಪೂಜಿ ಮಾಡಿದ ಕಂಬಳಿ ಸರಸಬಾರದಪಾ. ಬೀರಪ್ಪಗ ನಡ್ಕೊಳ್ಳವ್ರು ಮೋಸ ಮಾಡ್ತಾರೇನು?"

ಮಾಡಿದ್ದರು. ಕೊಂಡ ಎರಡನೇ ವಾರಕ್ಕೆ ಕಾರು ಬಾಗಲಕೋಟೆ ದಾರಿಯಲ್ಲಿ ಅಮೀನಗಡ ದಾಟಿ ನಿಂತಿತು. ಹುಲ್ಲಪ್ಪ ತಾನೇ ಕಂಬಳಿ ಎತ್ತಿದ. ಸ್ಟೆಪ್ನಿಯ ಗುಂಡಿ ತುಂಬ ಒಣಗಿದ ಹೊಳೆಯ ರಾಡಿ. ಅಂದು ದಾನಮ್ಮನ ಡಯಾಲಿಸಿಸ್ ಪಾಳಿ ತಪ್ಪಿತು. ಮರುದಿನ ಉಸಿರಿಗೆ ಒದ್ದಾಡಿದವಳನ್ನು ಆಂಬುಲೆನ್ಸಿನಲ್ಲಿ ಒಯ್ದರು. ಇನ್ನೊಂದು ಸಲ ತಪ್ಪಿದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು.

ಯಾಸೀನ ವೈರು ಕೂಡಿಸಿ ಗಾಡಿ ಓಡುವಂತೆ ಮಾಡಿದ. "ನಾಕ ದಿನ ಓಡತೈತಿ ಅಷ್ಟ. ಗುಜರಿಗೆ ಹಾಕ್ರಿ" ಎಂದ. ಗುಜರಿ ರೊಕ್ಕಕ್ಕೆ ಬೇರೆ ಕಾರು ಎಲ್ಲಿಂದ ಬರಬೇಕು? ಹುಲ್ಲಪ್ಪ ಕಂಬಳಿಯನ್ನು ಮತ್ತೆ ಹಾಸಿದ. ಮೇಲೆ ಹೊಸ ಭಂಡಾರ ಚೆಲ್ಲಿದ. ಗಾಡಿ ಪೂರ್ತಿ ರಿಪೇರಿಯಾಗಿದೆ, ಮಾರಿ ಬೇರೆ ತರುತ್ತೇನೆ ಎಂದು ದಾನಮ್ಮನಿಗೂ ಹೇಳಿದ.

ರವಿವಾರ ಹುನಗುಂದದಿಂದ ಸೋಮಲಿಂಗ ಎಂಬ ಹುಡುಗ ಬಂದ. ಟೈರು ಒತ್ತಿದ, ಎಂಜಿನ್ ಕೇಳಿದ, ಡಿಕ್ಕಿ ತೆಗೆದ. ಕಂಬಳಿ ಕಂಡದ್ದೇ ಕೈ ಹಿಂದಕ್ಕೆಳೆದು ಕಣ್ಣಿಗೊತ್ತಿಕೊಂಡ.

"ಯಾರ ಸಲುವಾಗಿ ಗಾಡಿ?" ಹುಲ್ಲಪ್ಪ ಕೇಳಬಾರದಿತ್ತು, ಕೇಳಿದ.

"ನಮ್ಮವ್ವನ ಸಲುವಾಗ್ರಿ. ಗುರುಲಿಂಗವ್ವ ಅಂತ, ಡಯಾಲಿಸಿಸ್‌ನ್ಯಾಗ ನಿಮ್ಮ ಮನಿಯವರ ಬಾಜೂ ಹಾಸಿಗೀ ಅಕಿದ. ಗಾಡಿ ಮಾರ್ತೀರಂತ ಅವರ ಹೇಳಿದ್ರಂತ. ಗುರ್ತಿನವರ ಗಾಡಿ ಅಂದ್ರ ಒಂದು ಧೈರ್ಯರಿ."

ನಿಜ ಹುಲ್ಲಪ್ಪನ ಬಾಯಿವರೆಗೆ ಬಂತು. ಒಳಗೆ ದಾನಮ್ಮ ಕೆಮ್ಮಿದಳು. ಬಂದದ್ದನ್ನು ನುಂಗಿ ಕೀಲಿಕೈ ಕೊಟ್ಟುಬಿಟ್ಟ.

ಬಂದ ರೊಕ್ಕಕ್ಕೆ ಎರಡು ಜೋಡಿ ಕುರಿ ಮಾರಿದ್ದನ್ನು ಸೇರಿಸಿ, ಯಾಸೀನ ತಳ ಬುಡ ನೋಡಿ ಒಪ್ಪಿದ ಕಾರು ತಂದ. ಅದು ಎಲ್ಲೂ ನಿಲ್ಲಲಿಲ್ಲ. ಮುಂದಿನ ಶನಿವಾರ ದಾನಮ್ಮನ ಕೈಗೆ ನಳಿಗೆ ಹಾಕಿ ಅರ್ಧ ತಾಸಾಗಿತ್ತು. ಪಕ್ಕದ ಹಾಸಿಗೆಯ ಚಾದರ ಮಡಿಕೆ ಬಿಚ್ಚದೆ ಹಾಗೇ ಇತ್ತು. ನರ್ಸು ಎರಡು ಸಲ ಗಡಿಯಾರ ನೋಡಿದಳು.

"ಗುರುಲಿಂಗವ್ವ ಯಾಕ ಬಂದಿಲ್ರೀ? ನಮ್ಮ ಗಾಡಿನ ಐತಲ್ಲ ಅವ್ರಿಗೆ" ಎಂದಳು ದಾನಮ್ಮ. "ಅಕಿ ಮಗಗ ಫೋನ್ ಹಚ್ಚರಿ."

ಬೇಡವೆನ್ನಲು ಹುಲ್ಲಪ್ಪನಿಗೆ ಯಾವ ನೆಪವೂ ಹೊಳೆಯಲಿಲ್ಲ. ಹಚ್ಚಿದ.

"ಕಾಕಾರ, ಅಮೀನಗಡ ದಾಟಿ ಗಾಡಿ ನಿಂತೈತ್ರಿ. ಆಂಬುಲೆನ್ಸಿಗೆ ಹೇಳೇನಿ, ಇನ್ನೂ ಬಂದಿಲ್ಲ. ಅವ್ವ ಮಾತಾಡವಲ್ಲಳ್ರಿ. ಥಂಡಿ ಅಂತಿದ್ಲು, ಡಿಕ್ಕಿಯಾಗಿನ ಕಂಬಳಿ ತಗದು ಹೊಚ್ಚೇನಿ."

ಕಂಬಳಿ ತೆಗೆದವನಿಗೆ ಅದರ ಕೆಳಗಿನದು ಕಾಣದೆ ಇರಲು ಸಾಧ್ಯವಿಲ್ಲ. ಹುಲ್ಲಪ್ಪ ಬೈಗುಳಕ್ಕೆ ಕಾದ. ಅದು ಬರಲಿಲ್ಲ.

"ಲಗೂ ಬರ್ರಿ ಕಾಕಾ," ಎಂದ ಸೋಮಲಿಂಗ. "ನಿಮ್ಮ ಗಾಡಿ ಓಡತೈತಲ್ರೀ?"