ಪಂಖಾ ಹಾಡಿನ ಪ್ಲೇಟುಗಳು

ಗಜೇಂದ್ರಗಡದ ಗುಡ್ಡದ ಹಿಂದೆ ಬಂಡೆ ಒಡೆದು ಜಲ್ಲಿ ಮಾಡುವ ಖಡಿ ಮಷೀನು ಇತ್ತು. ಅದರ ಬಾಯಿಗೆ ಹನ್ನೊಂದು ವರ್ಷ ಕಲ್ಲು ಹಾಕಿದ ಸಲಾವುದ್ದೀನನಿಗೆ ಮೊದಲು ಕೇಳಿಸದೆ ಹೋದದ್ದು ಗುಬ್ಬಿಗಳ ಸದ್ದು. ಅದು ಅವನಿಗೆ ತಿಳಿಯಲೂ ಇಲ್ಲ. ಊರಲ್ಲಿ ಗುಬ್ಬಿಗಳೇ ಕಡಿಮೆಯಾಗಿವೆ ಅಂದುಕೊಂಡ. ಆಮೇಲೆ ಬಸ್ಸಿನ ಕಂಡಕ್ಟರನ ಸೀಟಿ ಹೋಯಿತು. ಅದರ ಬೆನ್ನಿಗೆ ಹೆಂಡತಿ ಮುಮತಾಜಬಿಯ ಮಾತು ಅರ್ಧಂಬರ್ಧ ಬರತೊಡಗಿತು. ಬ್ಯಾಳಿ ತರ್ರಿ ಎಂದು ಆಕೆ ಹೇಳಿ ಕಳಿಸಿದರೆ ಈತ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದ. ಅವತ್ತು ಆಕೆ ನಕ್ಕಳು. ಎರಡನೇ ಸಲ ನಗಲಿಲ್ಲ.

ಅವನ ತಂದೆ ಇಮಾಮಸಾಬ ನರಗುಂದದಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದವನು. ಕ್ಯಾಸೆಟ್ಟುಗಳು ಬಂದು ಆ ದಂಧೆ ಕುಂತುಹೋಯಿತು. ತಂದೆ ತೀರಿಕೊಂಡ ಮೇಲೆ ಸಲಾವುದ್ದೀನನ ಪಾಲಿಗೆ ಬಂದದ್ದು ಒಂದು ರೆಕಾರ್ಡ್ ಪ್ಲೇಯರು, ಎದೆಯೆತ್ತರದ ಕಟ್ಟಿಗೆಯ ಸ್ಪೀಕರು, ಒಂದಿಷ್ಟು ಹಳೆಯ ಸಿನಿಮಾ ಹಾಡಿನ ಪ್ಲೇಟುಗಳು. ರಜೆಯ ದಿನ ಮಧ್ಯಾಹ್ನ ಊಟ ಮಾಡಿ ಅವುಗಳಲ್ಲಿ ಒಂದನ್ನು ಹಚ್ಚಿಕೊಂಡು ಗೋಡೆಗೆ ಒರಗುವುದು ಅವನಿಗಿದ್ದ ಒಂದೇ ಚಟ. ಬೀಡಿ ಇಲ್ಲ, ಇಸ್ಪೀಟಿಲ್ಲ. ಆ ಹಾಡುಗಳೂ ಒಂದೊಂದಾಗಿ ತೆಳ್ಳಗಾದವು. ಹೆಣ್ಣು ದನಿ ಮೊದಲು ಹೋಯಿತು, ಆಮೇಲೆ ಕೊಳಲು. ಕೊನೆಗೆ ಹಾಡೆಂದು ಉಳಿದದ್ದು ತಬಲಾದ ಎಡಗೈ ಪೆಟ್ಟು ಮಾತ್ರ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಮುಮತಾಜಬಿ ಅವನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನಿಗೆ ಎಳೆದುಕೊಂಡು ಹೋದಳು. ಡಾಕ್ಟರು ಅವನನ್ನು ಒಂದು ಸಣ್ಣ ಕೋಣೆಯಲ್ಲಿ ಕೂಡಿಸಿ ಪರೀಕ್ಷೆ ಮಾಡಿ, ಕಾಗದದ ಮೇಲೆ ಕೆಳಮುಖವಾಗಿ ಇಳಿದ ಗೆರೆಯನ್ನು ತೋರಿಸಿದರು.

"ಒಳಗಿನ ನರ ಸಾಯಾಕತ್ತಾವ. ಅದಕ್ಕ ಗುಳಿಗಿ ಇಲ್ಲ. ಉಳಿದಿದ್ದರಾಗ ಕಿವಿ ಮಷೀನ ಕೆಲಸಾ ಮಾಡತೈತಿ, ಲಗೂ ಹಾಕ್ಕೋರಿ. ಗದ್ದಲದಾಗಿಂದ ಹೊರಗ ಬರ್ರಿ. ಇಲ್ಲಂದ್ರ ಉಳಿದಿದ್ದೂ ಹೋಗತೈತಿ."

ಮಷೀನಿಗೆ ಹನ್ನೊಂದೂವರೆ ಸಾವಿರ. ಸಲಾವುದ್ದೀನನ ದಿನದ ಪಗಾರ ತೊಂಬತ್ತು ರೂಪಾಯಿ. ಮುಮತಾಜಬಿ ನೇಕಾರರ ಮನೆಗಳಿಂದ ಸೀರೆ ತಂದು ಸೆರಗಿಗೆ ಗೊಂಡೆ ಕಟ್ಟಿ ಕೊಡುತ್ತಿದ್ದಳು. "ನಾ ಕೂಡಿಸ್ತೇನ್ರಿ, ಒಂದ ವರ್ಷದಾಗ ಆಗತೈತಿ" ಎಂದಳು, ಅವನ ಮುಖದ ಮುಂದೆ ಬಂದು, ತುಟಿ ಕಾಣುವಂತೆ.

ಬಸ್ಸಿಗೆ ಹೊತ್ತಿತ್ತು. ಹತ್ತಿರದ ಗುಜರಿ ಬಜಾರಿನಲ್ಲಿ ಆಕೆ ಒಂದು ಅಡುಗೆಯ ಪಾತೇಲಿ ನೋಡುತ್ತ ನಿಂತಳು. ಪಕ್ಕದ ಅಂಗಡಿಯಲ್ಲಿ ಹಳೆಯ ಪ್ಲೇಟುಗಳ ರಾಶಿ ಕಂಡು ಸಲಾವುದ್ದೀನ ಒಳಗೆ ಹೊಕ್ಕ. ಅಂಗಡಿಯ ಮೋದಿನಸಾಬ ಎರಡು ಸಿನಿಮಾ ಪ್ಲೇಟುಗಳನ್ನು ಇಪ್ಪತ್ತು ರೂಪಾಯಿಗೆ ಕೊಟ್ಟು, ಇನ್ನೊಂದನ್ನು ಪುಕ್ಕಟೆ ಮೇಲಿಟ್ಟ. ಅದರ ಕವರಿನ ಮೇಲೆ ಹುಂಜದ ಜುಟ್ಟಿನಂತೆ ಕೂದಲು ನಿಲ್ಲಿಸಿದ, ಗಲ್ಲಕ್ಕೆ ಪಿನ್ನು ಚುಚ್ಚಿಕೊಂಡ ಬಿಳಿಯ ಹುಡುಗನಿದ್ದ.

"ಯಾರೂ ಒಯ್ಯಂಗಿಲ್ಲ ಇದನ್ನ. ಪಂಕ್ ಅಂತಾರ ಇದಕ್ಕ. ಬರೇ ಒದರೂದು."

ಸಲಾವುದ್ದೀನನಿಗೆ ಅದು ಗಾಳಿ ಬೀಸುವ ಪಂಖಾ ಎಂದು ಕೇಳಿಸಿತು.

ಮರುವಾರ ಆ ಪ್ಲೇಟು ಹಚ್ಚಿದಾಗ ಅವನು ಗೋಡೆಗೆ ಒರಗಿದ್ದವನು ಎದ್ದು ಕುಳಿತ. ನಾಲ್ಕು ಜನ ಯಾರ ಮೇಲೋ ಸಿಟ್ಟಿಗೆದ್ದು ಡ್ರಮ್ಮು ಬಡಿಯುತ್ತಿದ್ದರು, ತಂತಿ ಕೊಯ್ಯುತ್ತಿದ್ದರು, ಒಬ್ಬ ಗಂಟಲು ಹರಿದುಕೊಂಡು ಚೀರುತ್ತಿದ್ದ. ಯಾವ ಮಾತೂ ತಿಳಿಯಲಿಲ್ಲ. ಆದರೆ ಕೇಳಿಸಿತು. ಅರ್ಧ ಅಲ್ಲ, ಗೋಡೆಯಾಚೆಯಿಂದ ಅಲ್ಲ; ಹಾಡೊಂದು ಪೂರ್ತಿಯಾಗಿ ಅವನ ಮೈಯೊಳಕ್ಕೆ ಬಂತು. ಎರಡು ವರ್ಷವಾಗಿತ್ತು ಹಾಗಾಗದೆ. ಅವನು ಸ್ಪೀಕರಿನ ಕಟ್ಟಿಗೆಗೆ ಗದ್ದ ಹಚ್ಚಿ ಪ್ಲೇಟಿನ ಎರಡೂ ಬದಿ ಕೇಳಿದ, ಮತ್ತೆ ಕೇಳಿದ. ಮುಮತಾಜಬಿ ಕೈಯಲ್ಲಿ ಗೊಂಡೆಯ ದಾರ ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದಳು.

"ಏನ್ರಿ ಇದು? ಯಾರನ್ನರ ಹೊಡ್ಯಾಕತ್ತಾರನ?"

"ಪಂಖಾ ಹಾಡ ಅಂತ" ಎಂದು ಅವನು ನಕ್ಕ. "ಕೇಳಾಕತ್ತೈತಿ ನನಗ. ಖರೇನ ಕೇಳಾಕತ್ತೈತಿ."

ಆಕೆ ಕವರನ್ನು ಎತ್ತಿ ನೋಡಿದಳು. "ಈ ಕೂಸಿನ ಅವ್ವ ಏನಂದಿರಬೇಕು, ಗಲ್ಲಕ್ಕ ಪಿನ್ನ ಚುಚ್ಚಿಕೊಂಡಾನಲ್ಲ" ಎಂದಳು. ಆದರೆ ಕವರನ್ನು ಅವನ ಪಕ್ಕದಲ್ಲೇ ಇಟ್ಟು ಒಳಗೆ ಹೋದಳು. ಗಂಡ ನಕ್ಕು ಬಹಳ ದಿನವಾಗಿತ್ತು.

ತಿಂಗಳು ತುಂಬುವುದರೊಳಗೆ ಅವನು ಮತ್ತೆ ಹುಬ್ಬಳ್ಳಿಯ ಬಸ್ಸು ಹತ್ತಿದ. ಮೋದಿನಸಾಬ ಹಳೆಯ ದಂಧೆಗಾರ. ಖಡಿ ಧೂಳು ಮೆತ್ತಿದ ಮನುಷ್ಯ ಅಷ್ಟು ದೂರದಿಂದ ಬಂದು ಒದರುವ ಪ್ಲೇಟನ್ನೇ ಕೇಳುತ್ತಾನೆಂದರೆ ಅದರ ಹಿಂದೆ ಗರಜು ಇದೆ ಎಂದು ತಿಳಿದುಕೊಂಡ. ಮೊದಲನೆಯದು ಪುಕ್ಕಟೆ ಬಂದಿತ್ತು. ಎರಡನೆಯದಕ್ಕೆ ನಲವತ್ತು ಹೇಳಿದ, ಮೂರನೆಯದಕ್ಕೆ ನೂರಿಪ್ಪತ್ತು. ಮುಂಬೈಯಿಂದ ತರಿಸಬೇಕು, ಅಲ್ಲಿಯೂ ಸಿಗುವುದಿಲ್ಲ, ಹಡಗಿನ ಮಂದಿ ತಂದು ಮಾರಿದ್ದು ಎಂದು ಏನೇನೋ ಹೇಳಿ ಆರನೆಯದಕ್ಕೆ ಮುನ್ನೂರೈವತ್ತು ತೆಗೆದುಕೊಂಡ. ಸಲಾವುದ್ದೀನ ಚೌಕಾಶಿ ಮಾಡಲಿಲ್ಲ. ಚೌಕಾಶಿ ಮಾಡಲು ಎದುರಿನವನ ಮಾತು ಕೇಳಿಸಬೇಕಾಗುತ್ತದೆ.

ಆ ದುಡ್ಡು ಎಲ್ಲಿಂದ ಬಂತೆಂದು ಮುಮತಾಜಬಿ ಹುಡುಕಬೇಕಾಗಿರಲಿಲ್ಲ. ಆಕೆ ಕಿವಿ ಮಷೀನಿಗೆಂದು ಗೊಂಡೆಯ ದುಡ್ಡು ಹಾಕುತ್ತಿದ್ದ ಹಿಟ್ಟಿನ ಡಬ್ಬಿ ಹಗುರಾಗಿತ್ತು. ಒಂದು ದಿನ ಡಬ್ಬಿಯನ್ನು ತಂದು ಅವನ ಮುಂದೆ ಬೋರಲು ಹಾಕಿದಳು.

"ಕಿವಿ ತರೂ ರೊಕ್ಕದಾಗ ಇವನ್ನ ತಂದ್ರೇನ್ರಿ?"

"ಮಷೀನ ಹಾಕ್ಕೊಂಡು ಏನ ಕೇಳಲಿ ನಾನು?" ಅವನಿಗೆ ತನ್ನ ದನಿಯ ಎತ್ತರ ತಿಳಿಯುತ್ತಿರಲಿಲ್ಲ, ಚೀರಿಬಿಟ್ಟ. "ಮಾಲಕನ ಬೈಗಳಾ ಕೇಳಲ್ಯಾ? ಇದನ್ನರ ಕೇಳತೇನಿ ಬಿಡ."

ಆಕೆ ಪಿಸುಗುಟ್ಟಿದಂತೆ ಏನೋ ಅಂದಳು. ಅದು ಅವನಿಗೆ ಬರಲಿಲ್ಲ. ಅಂದಿನಿಂದ ಆಕೆ ದುಡ್ಡನ್ನು ಬೇರೆ ಕಡೆ ಇಟ್ಟಳು, ಅವನು ಓವರ್‌ಟೈಮು ಮಾಡಿದ. ಓವರ್‌ಟೈಮೆಂದರೆ ಖಡಿ ಮಷೀನಿನ ಬಾಯಿಯ ಹತ್ತಿರ ದಿನಕ್ಕೆ ಇನ್ನೂ ಮೂರು ತಾಸು.

ಎರಡು ವರ್ಷದಲ್ಲಿ ಪ್ಲೇಟುಗಳು ಹದಿನಾಲ್ಕಾದವು. ಅಷ್ಟರಲ್ಲಿ ಪಂಖಾ ಹಾಡೂ ದೂರ ಸರಿಯತೊಡಗಿತ್ತು. ಚೀರುವವನ ದನಿ ಮೊದಲು ಮಂದವಾಯಿತು. ಸಲಾವುದ್ದೀನ ಖಡಿ ಮಷೀನಿನಿಂದ ಬಿದ್ದ ಒಂದು ಕಬ್ಬಿಣದ ನಟ್ಟನ್ನು ತಂದು, ಪ್ಲೇಯರಿನ ಸೂಜಿ ಹಿಡಿದ ತೋಳಿನ ತಲೆಗೆ ದಾರದಿಂದ ಕಟ್ಟಿದ. ಭಾರ ಬಿದ್ದರೆ ಸೂಜಿ ಗಟ್ಟಿಯಾಗಿ ಕೊರೆದು ಸದ್ದು ಹೆಚ್ಚುತ್ತದೆ ಎಂದು ಅವನ ಲೆಕ್ಕ. ಹೆಚ್ಚಿದಂತೆ ಕಂಡಿತು ಕೂಡ. ನಾಲ್ಕು ತಿಂಗಳಿಗೆ ಅದೂ ಸಾಲದಾಗಿ ಎರಡನೇ ನಟ್ಟು ಕಟ್ಟಿದ. ಹಚ್ಚಿದಾಗಲೆಲ್ಲ ಪ್ಲೇಟಿನ ಮೇಲೆ ಕರಿಯ ಹುಡಿ ಏಳುತ್ತಿತ್ತು. ಊದಿ ಒರೆಸಿ ಇಡುತ್ತಿದ್ದ.

ಎರಡು ಸಾವಿರದ ಏಳರ ಚಳಿಗಾಲದಲ್ಲಿ, ಹತ್ತಿರದ ಸೂಡಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ಮಗಳು ನಿಲೋಫರಳಿಗೆ ಗಂಡು ಕೂಸು ಹುಟ್ಟಿತು. ಗಂಡ ಹೆಂಡತಿ ನೋಡಲು ಹೋದರು. ಕೂಸನ್ನು ಅವನ ತೊಡೆಯ ಮೇಲೆ ಹಾಕಿದಾಗ ಅದು ಕಾಲು ಒದೆಯುತ್ತ ಬಾಯಿ ತೆರೆಯಿತು. ಮುಖ ಕೆಂಪಾಯಿತು, ನಾಲಗೆ ನಡುಗಿತು. ಸಲಾವುದ್ದೀನ ಆ ತೆರೆದ ಬಾಯಿಯನ್ನೇ ನೋಡುತ್ತ, ಇದು ಆಕಳಿಸುತ್ತಿದೆ ಎಂದುಕೊಂಡು ನಗುತ್ತಿದ್ದ. ಮಗಳು ಓಡಿಬಂದು ಕೂಸನ್ನು ಕಸಿದುಕೊಂಡಾಗ ಅವನಿಗೆ ತಿಳಿಯಿತು, ಅದು ಆಗಿನಿಂದ ಅಳುತ್ತಿತ್ತು ಎಂದು.

ಸೂಡಿಯಿಂದ ಬರುವ ಬಸ್ಸಿನಲ್ಲಿ ಅವನೇ ಬಾಯಿಬಿಟ್ಟ. "ಪ್ಲೇಟ ಮಾರತೇನಿ. ಮಷೀನ ತರೋಣು."

ಮುಮತಾಜಬಿ ಅವನ ಅಂಗೈ ಹಿಡಿದುಕೊಂಡಳು. ಗಜೇಂದ್ರಗಡ ಬರುವತನಕ ಬಿಡಲಿಲ್ಲ.

ಮೋದಿನಸಾಬ ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಆದರೆ ಧಾರವಾಡದ ಪವನ ಎಂಬ ಹುಡುಗ ಇಂಥವನ್ನೇ ಹುಡುಕುತ್ತಿದ್ದಾನೆ, ಚಲೋ ಇದ್ದರೆ ಒಂದೊಂದಕ್ಕೆ ಸಾವಿರವನ್ನೂ ಕೊಡುತ್ತಾನೆ ಎಂದು ಹೇಳಿ ಫೋನ್ ನಂಬರು ಬರೆದುಕೊಟ್ಟ. ಮುಮತಾಜಬಿ ಓಣಿಯ ಅಂಗಡಿಯಿಂದ ಫೋನು ಮಾಡಿಸಿದಳು. ಬರುವ ಐತವಾರ ಬೆಳಿಗ್ಗೆ ಪವನ ಬಂದ. ಇಪ್ಪತ್ತೆರಡರ ಹುಡುಗ, ಗಿಟಾರು ಬಾರಿಸುವವನು, ಬೆರಳ ತುದಿಗಳು ಗಟ್ಟಿಯಾಗಿದ್ದವು. ಚಾಪೆಯ ಮೇಲೆ ಹರಡಿದ್ದ ಹದಿನಾಲ್ಕು ಕವರುಗಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಕಾಕಾ, ಇವು ಎಲ್ಲೂ ಸಿಗಂಗಿಲ್ರಿ. ಫೋಟೋದಾಗ ಅಷ್ಟ ನೋಡಿದ್ದೆ. ಇದೊಂದಕ್ಕ ಹೊರದೇಶದಾಗ ಎಂಟ ಹತ್ತ ಸಾವಿರ ಐತಿ."

ಆ ಮಾತನ್ನು ಮುಮತಾಜಬಿ ಗಂಡನ ಕಿವಿಗೆ ಬಾಯಿಟ್ಟು ಮತ್ತೆ ಹೇಳಿದಳು. ಹೇಳುವಾಗ ಆಕೆಯ ಉಸಿರು ಏರಿತ್ತು. ಚಹಾಕ್ಕೆ ಇಡಲು ಒಳಗೆ ಓಡಿದಳು.

ಪವನ ಮೊದಲ ಪ್ಲೇಟನ್ನು ಹೊರಗೆಳೆದು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದ. ಮತ್ತೊಂದನ್ನು ತೆಗೆದ. ಐದನೆಯದಕ್ಕೆ ಬರುವಷ್ಟರಲ್ಲಿ ಅವನ ಮುಖ ಇಳಿದುಹೋಗಿತ್ತು. ಕರ್ರಗೆ ಮಿಂಚಬೇಕಾದ ಪ್ಲೇಟುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಗೆರೆಗಳೆಲ್ಲ ಒಂದಕ್ಕೊಂದು ಕೂಡಿ ಹರಿದಿದ್ದವು. ಪ್ಲೇಯರಿನತ್ತ ನೋಡಿದ, ಸೂಜಿಯ ತಲೆಗೆ ಕಟ್ಟಿದ ನಟ್ಟುಗಳು ಕಂಡವು.

"ಇದನ್ಯಾಕ ಕಟ್ಟೀರಿ ಕಾಕಾ?"

ಪ್ರಶ್ನೆ ಕೇಳಿಸದಿದ್ದರೂ ಬೆರಳು ತೋರಿದ್ದು ಎತ್ತ ಎಂದು ಸಲಾವುದ್ದೀನ ಕಂಡ. "ಜೋರ ಬರಲಿ ಅಂತಪಾ. ಕೇಳಸವಲ್ದಾಗಿತ್ತು."

ಹುಡುಗ ಕೈಯಲ್ಲಿದ್ದ ಪ್ಲೇಟನ್ನು ಕವರಿಗೆ ವಾಪಸು ಹಾಕಿದ. ಚಹಾ ತಂದಿಟ್ಟ ಮುಮತಾಜಬಿಗೆ ಮೆಲ್ಲಗೆ ಹೇಳಿದ, "ಚಾಚಿ, ಪೂರಾ ಕೆತ್ತಿಹೋಗ್ಯಾವ. ಇನ್ನ ಯಾರ ಹಚ್ಚಿದ್ರೂ ಬರೇ ಗರಗರಾ ಅಂತಾವ. ಕವರ ಅಷ್ಟ ಚಲೋ ಅದಾವ. ಕವರಿಗೆ ನಾ ಮೂರ ಸಾವಿರ ಕೊಡತೇನ್ರಿ. ನನ್ನ ಕಡೆ ಇರೂದ ಅಷ್ಟು."

ಆಕೆ ಇದನ್ನು ಗಂಡನ ಕಿವಿಗೆ ಹೇಳಲಿಲ್ಲ. ಹುಡುಗ ಪ್ಲೇಟುಗಳನ್ನು ಒಂದೊಂದಾಗಿ ಹೊರತೆಗೆದು ಚಾಪೆಯ ಮೇಲೆ ಬಿಟ್ಟು, ಖಾಲಿ ಕವರುಗಳನ್ನಷ್ಟೇ ಚೀಲಕ್ಕೆ ಇಳಿಸುವುದನ್ನು ಕಂಡು ಸಲಾವುದ್ದೀನನಿಗೆ ತಾನಾಗಿಯೇ ತಿಳಿಯಿತು. ಪವನನನ್ನು ಬಸ್‌ಸ್ಟ್ಯಾಂಡಿನತನಕ ನಡೆದು ಬಿಟ್ಟು ಬಂದ.

ಮೂರು ಸಾವಿರಕ್ಕೆ ಮುಮತಾಜಬಿ ತಾನು ಬೇರೆ ಕಡೆ ಇಟ್ಟಿದ್ದನ್ನು ಕೂಡಿಸಿ, ಕಿವಿಯಲ್ಲಿದ್ದ ಬಂಗಾರದ ಬೆಂಡೋಲೆ ಬಿಚ್ಚಿಕೊಟ್ಟು ಹಣ ಹೊಂದಿಸಿದಳು. ಮತ್ತೆ ಹುಬ್ಬಳ್ಳಿ, ಮತ್ತೆ ಅದೇ ಡಾಕ್ಟರು, ಅದೇ ಸಣ್ಣ ಕೋಣೆ. ಸದ್ದು ಬಂದಾಗಲೆಲ್ಲ ಬೆರಳೆತ್ತಬೇಕು. ಸಲಾವುದ್ದೀನ ಕಾದ. ಗಾಜಿನಾಚೆ ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವನು ಅಂದಾಜಿನ ಮೇಲೆ ಬೆರಳೆತ್ತಿದ. ಸ್ವಲ್ಪ ಬಿಟ್ಟು ಮತ್ತೊಮ್ಮೆ ಎತ್ತಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

"ತಾಯಿ, ಈಗ ಮಷೀನ ಹಾಕಿದ್ರೂ ಉಪಯೋಗಿಲ್ರಿ. ಮೂರ ವರ್ಷದ ಹಿಂದ ಬಂದಾಗನ ಹೇಳಿದ್ನಲ್ಲ" ಎಂದರು. ಇದಕ್ಕೊಂದು ಆಪರೇಷನ್ ಇದೆ, ಬೆಂಗಳೂರಿನಲ್ಲಿ, ಐದಾರು ಲಕ್ಷ ಎಂದೂ ಹೇಳಿದರು. ಹೇಳದಿದ್ದರೂ ನಡೆಯುತ್ತಿತ್ತು.

ಅವನು ಮರುದಿನ ಕೆಲಸಕ್ಕೆ ಹೋದ. ಕಿವುಡನಿಗೆ ಖಡಿ ಮಷೀನಿಗಿಂತ ತಕ್ಕ ಜಾಗ ಇನ್ನೆಲ್ಲಿ ಎಂದು ಅವನ ವಿಚಾರ. ಆದರೆ ಗುಡ್ಡದಲ್ಲಿ ಬಂಡೆಗೆ ಮದ್ದು ಹಾರಿಸುವ ಮೊದಲು ಸೀಟಿ ಊದುತ್ತಾರೆ, ಎಲ್ಲರೂ ಓಡಿ ಮರೆಗೆ ನಿಲ್ಲುತ್ತಾರೆ. ಹದಿನೈದು ದಿನ ಜೊತೆಯವರನ್ನು ನೋಡಿಕೊಂಡು ಅವನೂ ಓಡಿದ. ಹದಿನಾರನೆಯ ದಿನ ನೀರು ಕುಡಿಯಲು ಹೋಗಿ ಒಬ್ಬನೇ ಆದ. ಕೊಡದಷ್ಟು ದೊಡ್ಡ ಕಲ್ಲೊಂದು ಅವನ ಮೊಣಕಾಲಿನ ಪಕ್ಕಕ್ಕೆ ಬಂದು ನೆಟ್ಟಿತು. ಮಾಲಕ ಓಡಿಬಂದು, ಅವನ ಎರಡೂ ಭುಜ ಹಿಡಿದು ಅಲುಗಾಡಿಸಿ ಏನೇನೋ ಅಂದ. ಆಮೇಲೆ ಆ ವಾರದ ಪಗಾರವನ್ನು ಅವನ ಕಿಸೆಗೆ ತುರುಕಿ, ಊರಿನ ದಾರಿಗೆ ಕೈ ತೋರಿಸಿದ.

ಮನೆಗೆ ಬಂದಾಗ ಇನ್ನೂ ಮೂರು ಗಂಟೆಯ ಬಿಸಿಲಿತ್ತು. ಮುಮತಾಜಬಿ ಕಟ್ಟೆಯ ಮೇಲೆ ಸೀರೆ ಹರಡಿಕೊಂಡು ಗೊಂಡೆ ಕಟ್ಟುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ಕಂಡು ಸೀರೆಯನ್ನು ಸರಿಸಿ ಜಾಗ ಮಾಡಿದಳು. ಅವನು ಪಗಾರ ತೆಗೆದು ಆಕೆಯ ಪಕ್ಕದಲ್ಲಿಟ್ಟು, ಅಲ್ಲೇ ಕುಳಿತ.

ಸ್ವಲ್ಪ ಹೊತ್ತಿಗೆ ಆಕೆ ಮಾತಾಡತೊಡಗಿದಳು. ಮುಖ ಅವನತ್ತ ತಿರುಗಿಸಲಿಲ್ಲ, ದಾರದಿಂದ ಕಣ್ಣೆತ್ತಲಿಲ್ಲ. ಪಕ್ಕದಿಂದ ಅವನಿಗೆ ಆಕೆಯ ದವಡೆ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಬೈಯುತ್ತಿದ್ದಾಳೋ, ಅಳುತ್ತಿದ್ದಾಳೋ, ಅಲ್ಲಾಹನಿಗೆ ಹೇಳಿಕೊಳ್ಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಆಕೆ ಒಂದೇ ಸಮ ಅಷ್ಟು ಹೊತ್ತು ಮಾತಾಡಿದ್ದೇ ಇರಲಿಲ್ಲ. ಏನಂದಿ ಎಂದು ಕೇಳಬೇಕೆನಿಸಿತು. ಕೇಳಿದರೆ ಆಕೆ ಈ ಕಡೆ ತಿರುಗಿ, ತುಟಿ ಕಾಣುವಂತೆ, ಏನಿಲ್ರಿ ಎನ್ನುತ್ತಾಳೆ ಎಂದು ಗೊತ್ತಿತ್ತು. ಅದಕ್ಕೆ ಸುಮ್ಮನೆ ಕುಳಿತ.

ಆಕೆ ಮುಗಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಕಟ್ಟಿದ ಸೀರೆಯನ್ನು ಮಡಚಿ, ಇನ್ನೊಂದನ್ನು ಬಿಚ್ಚಿದಳು.