ಯಾರ ಸಾವಿಗೆ ರಜ

ಶಿವನಂಜಮ್ಮ ಗಂಡನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ನಡುಬೆರಳಿನ ಶಾಯಿ ಉಜ್ಜುತ್ತಿದ್ದಳು. ಹುಣಸೂರಿನ ಹೊಗೆಸೊಪ್ಪಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಗುಮಾಸ್ತನಾಗಿದ್ದವನ ಬೆರಳು. ಶಾಯಿ ಚರ್ಮದೊಳಕ್ಕೇ ಇಳಿದಿತ್ತು. ವೀರಭದ್ರಸ್ವಾಮಿಯ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಅಳುವುದಕ್ಕೆ ಮನೆಯಲ್ಲಿ ಹತ್ತು ಜನವೂ ಇರಲಿಲ್ಲ.

ಅವಳ ಅಣ್ಣ ರುದ್ರಸ್ವಾಮಿ ಇಬ್ಬರು ಗಂಡುಮಕ್ಕಳೊಂದಿಗೆ ಪಿರಿಯಾಪಟ್ಟಣದಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಹೆಣ ಕೂರಿಸಿದ ವಿಮಾನ ಹೊರಲು ನಾಲ್ಕು ಹೆಗಲು ಬೇಕು, ಮೂರಾಗಿತ್ತು. ಬೀದಿಯ ಗಂಡಸರು ಹೆಂಗಸರೆಲ್ಲ ಶೆಡ್ಡಿನ ಆಳುಗಳೇ.

ಅವರನ್ನು ಕರೆಯಲು ಹೋಗಿದ್ದ ಎತ್ತಿನಗಾಡಿಯ ಗಯಾಸುದ್ದೀನ್ ಒಬ್ಬನೇ ಬಂದು ಜಗಲಿಯ ಕೆಳಗೆ ನಿಂತ.

"ಏನಂದ್ರು ಸಾಹುಕಾರ್ರು?" ರುದ್ರಸ್ವಾಮಿ ಕೇಳಿದ.

"ಕಾಗದ ತೋರಿಸ್ತಾರೆ ಕಣ್ರೀ. ಗುಮಾಸ್ತರೇ ಬರೆದದ್ದು. ಅದ್ರಲ್ಲಿ ಗುಮಾಸ್ತರ ಸಾವಿಗೆ ರಜ ಇಲ್ವಂತೆ."

ಒಂದು ಗಳಿಗೆ ಬಂದು ಹೋಗಲಿ ಅನ್ನಬಾರದಿತ್ತೇ ಎಂದ ರುದ್ರಸ್ವಾಮಿ. ರಜ ಇಲ್ಲದೆ ಹೊಸ್ತಿಲು ದಾಟಿದವರಿಗೆ ಈ ಸುಗ್ಗಿಯೆಲ್ಲ ಕೆಲಸವಿಲ್ಲ, ಅದೂ ಆ ಕಾಗದದಲ್ಲೇ ಇದೆ ಎಂದ ಗಯಾಸುದ್ದೀನ್.

ಶಿವನಂಜಮ್ಮ ಉಜ್ಜುವುದನ್ನು ನಿಲ್ಲಿಸಿದಳು.

*

ಆ ಕಾಗದ ಹುಟ್ಟಿದ್ದು ಐವತ್ತನಾಲ್ಕರ ಚಳಿಗಾಲದಲ್ಲಿ, ಅವಳ ಒಲೆಯ ಮುಂದೆ. ಅಲ್ಲಿಯವರೆಗೆ ಸಾಹುಕಾರರ ಬಾಯಿಮಾತೇ ಕಾನೂನು. ಸೊಪ್ಪು ವಿಂಗಡಿಸುವ ಭಾಗ್ಯಮ್ಮನಿಗೆ ಹೆತ್ತತಾಯಿ ಸತ್ತಾಗ ರಜ ಸಿಗಲಿಲ್ಲ. ಮೇಸ್ತ್ರಿಗೆ ಷಡ್ಡಕನ ಅಜ್ಜಿ ಸತ್ತಾಗ ಸಿಕ್ಕಿತು. ಎಲ್ಲರಿಗೂ ಒಂದೇ ಆಗುವಂತೆ ಬರೆದು ಸಾಹುಕಾರರ ರುಜು ಹಾಕಿಸಿ ಎಂದು ಆಳುಗಳು ಗುಮಾಸ್ತನನ್ನು ಬೇಡಿಕೊಂಡರು.

ಅವನು ಒಂದೊಂದು ಸಾಲನ್ನೂ ಹೆಂಡತಿಗೆ ಓದಿ ಹೇಳುತ್ತಿದ್ದ. ಅವಳಿಗೆ ಅಕ್ಷರ ಬಾರದು. "ನಿಂಗೆ ತಿಳಿದ್ರೆ ಊರಿಗೇ ತಿಳೀತದೆ ಬುಡು" ಎಂದು ರೇಗಿಸುತ್ತಿದ್ದ. ಅವಳು ತಿರುಗಿ ಕೇಳಿದ ಸಾಲನ್ನು ಮಾತ್ರ ಹೊಡೆದುಹಾಕಿ ಹೊಸದಾಗಿ ಬರೆಯುತ್ತಿದ್ದ.

'ಬೇಕಾದವರು ತೀರಿಕೊಂಡರೆ ಒಂದು ದಿನ ರಜ' ಎಂದು ಓದಿದಾಗ ಅವಳು ಮುದ್ದೆ ತಿರುವುತ್ತಲೇ ಅಂದಿದ್ದಳು: "ಬೇಕಾದವ್ರು ಅಂದ್ರೆ ಯಾರು? ಮೇಸ್ತ್ರಿಗೆ ಊರೆಲ್ಲ ಬೇಕಾದವ್ರೇ. ಬಿಡಿಸಿ ಬರೀರಿ."

ಅವನು ಬಹಳ ಹೊತ್ತು ಲೆಕ್ಕಣಿಕೆ ಹಿಡಿದು ಕೂತು, ಬಿಡಿಸಿ ಬರೆದ: ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು. ಇನ್ನು ಯಾರೂ ತಕರಾರು ಎತ್ತುವ ಹಾಗಿಲ್ಲ ಎಂದು ತಟ್ಟೆ ಎಳೆದುಕೊಂಡಿದ್ದ.

*

ನಾಲ್ಕನೆಯ ಹೆಗಲು ಗಯಾಸುದ್ದೀನ್ ಕೊಟ್ಟ. ಬೇಡ ಅನ್ನುವುದಕ್ಕಾದರೂ ಜನ ಬೇಕಲ್ಲ.

ರುದ್ರಭೂಮಿಯ ದಾರಿ ಶೆಡ್ಡಿನ ಮುಂದೆಯೇ. ಸಾಹುಕಾರರು ಬಾಗಿಲಿಗೆ ಬಂದು, ಜೋಡು ಕಳಚಿ, ಕಣ್ಣುಮುಚ್ಚಿ ಕೈಮುಗಿದರು, ಹೊಸ್ತಿಲು ದಾಟಲಿಲ್ಲ. ಅವರ ಹಿಂದೆ ಹೆಂಗಸರು ಸಾಲಾಗಿ ಕೂತು ಸೊಪ್ಪು ವಿಂಗಡಿಸುತ್ತಿದ್ದರು. ಬಾಗಿಲ ಬಳಿ ಕೂತಿದ್ದವಳು ಭಾಗ್ಯಮ್ಮ. ತಲೆ ಎತ್ತಲಿಲ್ಲ. ಅವಳ ಕೈ ಒಂದು ಗಳಿಗೆ ನಿಂತು, ಮತ್ತೆ ಆಡತೊಡಗಿತು.

ಶಿವನಂಜಮ್ಮ ವಿಮಾನ ನಿಲ್ಲಿಸಲು ಹೇಳಿ ಮುಂದೆ ಬಂದಳು.

"ಭಾಗ್ಯವ್ವ," ಎಂದಳು, ಕೂಗಲಿಲ್ಲ, "ಒಬ್ರಾದ್ರೂ ಬಂದು ಒಂದಿಡಿ ಮಣ್ಣಾಕ್ರವ್ವ."

ಒಳಗೆ ಎಲೆಯ ಮೇಲೆ ಎಲೆ ಬೀಳುತ್ತಲೇ ಇತ್ತು.